ನಿಮಗಿದು ಗೊತ್ತೇ? ಹಳೆಯ ಫ್ರೆಂಚ್ ಸ್ಯಾಕ್ಸೋಫೋನಿನ ಬೆಲೆ ಎಲ್ಲಿ ಅಡಗಿದೆ ಎಂದು

ಸ್ಯಾಕ್ಸೋಫೋನಿಗೆ ತನ್ನ ಹೆಸರು ಕೊಟ್ಟ ಅಡಾಲ್ಫ್ ಸ್ಯಾಕ್ಸ್ ಫ್ರೆಂಚನಲ್ಲ. ಹುಟ್ಟಿದ್ದು 1814ರಲ್ಲಿ, ಈಗಿನ ಬೆಲ್ಜಿಯಂನ ದಿನಾಂ ಎಂಬ ಊರಿನಲ್ಲಿ. ಆದರೆ ವಾದ್ಯಕ್ಕೆ ಪೇಟೆಂಟ್ ಪಡೆದದ್ದು ಪ್ಯಾರಿಸ್ಸಿನಲ್ಲಿ, 1846ರಲ್ಲಿ. 1866ರಲ್ಲಿ ಪೇಟೆಂಟಿನ ಅವಧಿ ಮುಗಿದದ್ದೇ ತಡ, ಫ್ರಾನ್ಸಿನ ಉಳಿದ ತಯಾರಕರೂ ಕೈಹಾಕಿದರು.

ವಾದ್ಯದ ಅಗಲ ಬಾಯಿಯ, ಎಂದರೆ ಬೆಲ್ಲಿನ, ಮೇಲೆ ‘ಪ್ಯಾರಿಸ್’ ಎಂದು ಕೆತ್ತಿದ ಮಾತ್ರಕ್ಕೆ ವಾದ್ಯ ಪ್ಯಾರಿಸ್ಸಿನಲ್ಲೇ ತಯಾರಾಗಿರಬೇಕೆಂದಿಲ್ಲ. ಸೆಲ್ಮರ್, ಬುಫೆ ಕ್ರಾಂಪೋಂ, ಬೋನ್ಯೇ ಇವರ ಕೆಲಸ ಬಹುಪಾಲು ನಡೆದದ್ದು ಪ್ಯಾರಿಸ್ಸಿನ ಪಶ್ಚಿಮಕ್ಕಿರುವ ಮಾಂತ್-ಲಾ-ವಿಲ್ ಎಂಬ ಸಣ್ಣ ಊರಿನಲ್ಲಿ. ಕ್ವೆನೋಂ ಕಾರ್ಖಾನೆ ಇದ್ದದ್ದು ಪೂರ್ವ ದಿಕ್ಕಿನ ಶಾತೊ-ತಿಯೆರಿಯಲ್ಲಿ.

ಸೆಲ್ಮರ್ ಶುರುವಾದದ್ದು 1885ರಲ್ಲಿ. ಮೊದಲ ಸ್ಯಾಕ್ಸೋಫೋನ್ ಹೊರಬಂದದ್ದು ಮಾತ್ರ 1921ರ ಕೊನೆಗೆ! ಅಲ್ಲಿಯವರೆಗೆ ಅದು ಕ್ಲಾರಿನೆಟ್ಟಿಗೆ ಹೆಸರಾದ ಮನೆ. 1920ರ ದಶಕ ಮುಗಿಯುವಷ್ಟರಲ್ಲಿ ಸ್ಯಾಕ್ಸ್ ಕುಟುಂಬದ ಕಾರ್ಖಾನೆಯನ್ನೂ ಅದೇ ಕೊಂಡುಕೊಂಡಿತು.

1930ರ ದಶಕದ ಒಂದು ಸೆಲ್ಮರ್ ಮಾದರಿಗೆ ಸಂಗ್ರಾಹಕರು ‘ಸಿಗಾರ್ ಕಟರ್’ ಎಂದು ಅಡ್ಡಹೆಸರಿಟ್ಟಿದ್ದಾರೆ. ಸ್ಥಾಯಿ ಬದಲಿಸುವ ಅದರ ಆಕ್ಟೇವ್ ಕೀಯ ಆಕಾರ ಚುಟ್ಟಾದ ತುದಿ ಕತ್ತರಿಸುವ ಸಾಧನದ ಹಾಗಿದೆ, ಅಷ್ಟೇ ಕಾರಣ.

ಅದಾದ ಮೇಲೆ, 1930ರ ದಶಕದ ನಡುವಿನಲ್ಲಿ ಬಂದದ್ದು ‘ಬ್ಯಾಲೆನ್ಸ್ಡ್ ಆ್ಯಕ್ಷನ್’. ಬೆಲ್ಲಿನ ಎಡಗಡೆಗಿದ್ದ ಕೆಳಸ್ವರದ ಕೀಗಳು ಇದರಲ್ಲಿ ಬಲಗಡೆಗೆ ಬಂದವು. ಇಂದು ಅಂಗಡಿಯಲ್ಲಿ ಸಿಗುವ ಹೊಸ ಸ್ಯಾಕ್ಸೋಫೋನನ್ನು ನೋಡಿ, ಕೀಗಳು ಅಲ್ಲೇ ಇವೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಬಂದ ‘ಸೂಪರ್ ಬ್ಯಾಲೆನ್ಸ್ಡ್ ಆ್ಯಕ್ಷನ್’ನಲ್ಲಿ ಎಡಗೈ ಬಲಗೈ ಕೀಗಳ ಸಾಲುಗಳು ಒಂದೇ ಗೆರೆಯಲ್ಲಿರದೆ ತುಸು ಓರೆಯಾದವು. ಮಣಿಕಟ್ಟಿಗೆ ಆದ ಈ ಉಪಕಾರ ಎಷ್ಟೆಂದು ಗಂಟೆಗಟ್ಟಲೆ ನುಡಿಸುವವರನ್ನೇ ಕೇಳಬೇಕು.

ಈಗ ಎಲ್ಲರ ಬಾಯಲ್ಲಿರುವ ಸೆಲ್ಮರ್ ಮಾದರಿ, ಮಾರ್ಕ್ ಸಿಕ್ಸ್. 1954ರಲ್ಲಿ ಬಂತು. ಆಲ್ಟೊ, ಟೆನರ್ ತಯಾರಿಕೆ 1970ರ ದಶಕದ ನಡುವಿನವರೆಗೆ ನಡೆಯಿತು, ಆಮೇಲೆ ಮಾರ್ಕ್ ಸೆವೆನ್ ಅದರ ಜಾಗಕ್ಕೆ ಬಂತು. ಸೀರಿಯಲ್ ನಂಬರ್ ಐದಂಕಿಯದ್ದಾದರೆ, ಎಂದರೆ ಸುಮಾರು 1962ರವರೆಗಿನ ವಾದ್ಯವಾದರೆ, ಮಾರುವವರು ದರ ಏರಿಸಿಯೇ ಹೇಳುತ್ತಾರೆ. ನಂಬರ್ ಒಂದು ಲಕ್ಷ ದಾಟಿದ ಮರುದಿನ ಕಾರ್ಖಾನೆಯಲ್ಲಿ ಕುಶಲಕರ್ಮಿಗಳು ಬದಲಾಗಲಿಲ್ಲ, ಹಿತ್ತಾಳೆಯೂ ಬದಲಾಗಲಿಲ್ಲ. ಆದರೆ ಈ ಇಪ್ಪತ್ತು ವರ್ಷಗಳಲ್ಲಿ ಹೆಸರು ಬದಲಿಸದೆಯೇ ವಿನ್ಯಾಸವನ್ನು ಹಲವು ಸಲ ತಿದ್ದಿದ್ದಾರೆ. ಆಲ್ಟೊ ವಾದ್ಯದ ಬುಡದ ಬಾಗಿದ ಕೊಳವೆಯ ಉದ್ದವೇ ಹೆಚ್ಚುಕಡಿಮೆಯಾಗಿದೆ. ಹಾಗಾಗಿ ಒಂದು ಮಾರ್ಕ್ ಸಿಕ್ಸ್‌ನ ಶ್ರುತಿ ಇನ್ನೊಂದರಂತೆ ಇರಬೇಕಿಲ್ಲ. ಐದಂಕಿಯ ಪೇಲವ ವಾದ್ಯಗಳಿವೆ, ಆರಂಕಿಯ ಅದ್ಭುತ ವಾದ್ಯಗಳೂ ಇವೆ. ನಂಬರಿಗೆ ದುಡ್ಡು ಸುರಿಯುವ ಈ ಚಾಳಿಯಿಂದ ಒಳ್ಳೆಯ ವಾದ್ಯಗಳು ನುಡಿಸುವವರ ಕೈತಪ್ಪಿ ಗಾಜಿನ ಬೀರು ಸೇರುತ್ತಿವೆ ಎಂಬುದು ನನಗೆ ನಿಜಕ್ಕೂ ನೋವಿನ ಸಂಗತಿ.

ಯುದ್ಧದ ಫಿರಂಗಿ ಗುಂಡುಗಳ ಹಿತ್ತಾಳೆ ಕರಗಿಸಿ ಮಾರ್ಕ್ ಸಿಕ್ಸ್ ಮಾಡಿದರು, ಅದಕ್ಕೇ ಆ ನಾದ ಎಂಬ ಕಥೆಯನ್ನು ಯಾರಾದರೂ ಹೇಳಿದರೆ ಕೇಳಿ ಸಂತೋಷಪಡಿ, ಅದಕ್ಕೆಂದು ಹೆಚ್ಚಿನ ದುಡ್ಡು ಮಾತ್ರ ಕೊಡಬೇಡಿ. ಆ ಕಥೆಗೆ ಆಧಾರವಿಲ್ಲ.

ಅಮೆರಿಕಕ್ಕೆ ಹೋದ ಬಹಳಷ್ಟು ಮಾರ್ಕ್ ಸಿಕ್ಸ್‌ಗಳು ಬಿಡಿಭಾಗಗಳಾಗಿ ಹಡಗು ಹತ್ತಿದವು. ಜೋಡಣೆ, ಕೆತ್ತನೆ, ಲ್ಯಾಕರ್ ಎಂಬ ಮೆರುಗಿನ ಲೇಪ ಬಳಿಯುವ ಕೆಲಸ ಇಂಡಿಯಾನಾ ರಾಜ್ಯದ ಎಲ್ಕ್‌ಹಾರ್ಟ್‌ನಲ್ಲಿ ಆಯಿತು. ಹಾಗೆಂದು ಅವು ನಕಲಿಯಲ್ಲ, ಕೊಳವೆ ಫ್ರಾನ್ಸಿನದೇ.

ಜಾಝ್ ವಾದಕ ಜಾನ್ ಕೋಲ್ಟ್ರೇನ್ ನುಡಿಸಿದ ಮಾರ್ಕ್ ಸಿಕ್ಸ್ ಟೆನರ್ ಇಂದು ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಗ್ರಹಾಲಯದಲ್ಲಿದೆ. 2014ರಲ್ಲಿ ಅದನ್ನು ದಾನ ಕೊಟ್ಟವರು ಮಗ ರವಿ ಕೋಲ್ಟ್ರೇನ್. ಪಂಡಿತ್ ರವಿಶಂಕರ್ ಮೇಲಿನ ಗೌರವದಿಂದ ತಂದೆ ಇಟ್ಟ ಹೆಸರದು.

ನಮ್ಮ ಮನೆಗಳಲ್ಲಿ ಹಿತ್ತಾಳೆ ಪಾತ್ರೆಗೆ ಹುಣಸೆಹಣ್ಣು ಹಾಕಿ ತಿಕ್ಕಿ ಫಳಫಳ ಹೊಳೆಯಿಸಿದರೆ ಬೆಲೆ ಹೆಚ್ಚು. ಸ್ಯಾಕ್ಸೋಫೋನಿನಲ್ಲಿ ಇದು ತಿರುಗುಮುರುಗು. ಕಾರ್ಖಾನೆಯಿಂದ ಬಂದಾಗಿನ ಲ್ಯಾಕರ್ ಅರ್ಧ ಕಿತ್ತುಹೋಗಿದ್ದರೂ ಅದಕ್ಕೇ ಹೆಚ್ಚು ಬೆಲೆ. ಹೊಸದಾಗಿ ಲ್ಯಾಕರ್ ಬಳಿಸಿ ಮಿರಮಿರ ಮಿಂಚುವ ವಾದ್ಯಕ್ಕೆ ಕಡಿಮೆ. ಕಾರಣ ಲ್ಯಾಕರ್ ಅಲ್ಲ, ಅದನ್ನು ಬಳಿಯುವ ಮೊದಲು ಯಂತ್ರದಲ್ಲಿ ಕೊಡುವ ಉಜ್ಜಾಟ. ಅದರಿಂದ ಹಿತ್ತಾಳೆ ಸವೆಯುತ್ತದೆ. ಪತ್ತೆ ಹಚ್ಚುವುದು ಕಷ್ಟವಲ್ಲ. ಬೆಲ್ಲಿನ ಕೆತ್ತನೆಯ ಮೇಲೆ ಹೆಬ್ಬೆರಳು ಸವರಿ. ಮೂಲ ಕೆತ್ತನೆ ಚರ್ಮಕ್ಕೆ ತರಚುವಷ್ಟು ಚೂಪಾಗಿರುತ್ತದೆ, ಉಜ್ಜಿದ್ದು ನುಣುಪಾಗಿ ಜಾರುತ್ತದೆ. ಹೂವಿನ ಎಳೆಗಳ ತುದಿ ಮಾಸಿದೆಯೇ, ಸೀರಿಯಲ್ ನಂಬರಿನ ಅಂಕಿಗಳು ಆಳ ಕಳೆದುಕೊಂಡಿವೆಯೇ, ಕೀ ಹಿಡಿದಿರುವ ಪುಟ್ಟ ಕಂಬಗಳ ಅಂಚು ದುಂಡಾಗಿದೆಯೇ ಎಂದು ನೋಡಿ.  ಇಷ್ಟಾಗಿಯೂ, ಹದವರಿತು ಕೆಲಸ ಮಾಡಿದ್ದರೆ ಅಂಥ ವಾದ್ಯ ಸೊಗಸಾಗಿಯೇ ನುಡಿಯುತ್ತದೆ. ನುಡಿಸಲೆಂದೇ ಕೊಳ್ಳುವವರಿಗೆ ಇದಕ್ಕಿಂತ ಲಾಭದ ವ್ಯಾಪಾರ ಬೇರೆ ಇಲ್ಲ.

ಲ್ಯಾಕರ್ ಹೋದ ಜಾಗ ಕಂದಾಗಿದ್ದರೆ ಚಿಂತೆ ಬೇಡ. ನಸುಗೆಂಪು ಚುಕ್ಕೆಗಳಿದ್ದರೆ, ಅದೂ ಮೌತ್‌ಪೀಸ್ ಕೂರುವ, ಎಂಜಲು ತಾಗುವ ನೆಕ್‌ನಲ್ಲಿದ್ದರೆ, ನಿಲ್ಲಿ. ಹಿತ್ತಾಳೆಯಿಂದ ಸತುವು ಕಳಚಿ ತಾಮ್ರವಷ್ಟೇ ಉಳಿಯುತ್ತಿರುವ ಗುರುತು ಅದು.

ಮೌತ್‌ಪೀಸ್ ಸಿಕ್ಕಿಸುವಾಗ ಕೆಳಕ್ಕೆ ಒತ್ತಿ ಒತ್ತಿ ನೆಕ್ ಬಾಗಿರುವುದು ಸಾಮಾನ್ಯ. ಬಾಗಿದ ಕಡೆ ಕೊಳವೆ ಮೊಟ್ಟೆಯಾಕಾರಕ್ಕೆ ತಿರುಗಿರುತ್ತದೆ, ಅಡಿಯಲ್ಲಿ ಸಣ್ಣ ಸುಕ್ಕು ಕಾಣುತ್ತದೆ. ನೆಕ್ಕೇ ಬೇರೆ ವಾದ್ಯದ್ದಾದರೆ ಬೆಲೆ ಇನ್ನೂ ಇಳಿಯುತ್ತದೆ.

ಸೆಲ್ಮರ್ ಹೆಸರಿನ ಅಬ್ಬರದಲ್ಲಿ ಮರೆಯಾದ ಮೂರು ಅಕ್ಷರಗಳು ಎಸ್‌ಎಂಎಲ್: ಸ್ಟ್ರಾಸರ್, ಮರಿಗೋ, ಲೆಮೇರ್. 1935ರಲ್ಲಿ ಶುರುವಾದ ಈ ಮನೆ ತನ್ನ ಮೊದಲ ದಶಕಗಳ ಸ್ಯಾಕ್ಸೋಫೋನುಗಳಲ್ಲಿ ತೂತುಗಳ ಅಂಚನ್ನು ಚೂಪಾಗಿ ಬಿಡದೆ ದುಂಡಗೆ ಮಡಿಸುತ್ತಿತ್ತು. ತೂತು ಮುಚ್ಚುವ ಪ್ಯಾಡಿನ ಚರ್ಮಕ್ಕೆ ಇದು ಹಿತ. ರಿಪೇರಿ ಮಾಡುವವರಿಗೆ ತಲೆನೋವು, ಏಕೆಂದರೆ ಮಡಿಸಿದ ಅಂಚನ್ನು ಅರದಿಂದ ಉಜ್ಜಿ ಸಮ ಮಾಡುವಂತಿಲ್ಲ. ತುಂಬುನಾದದ ಈ ವಾದ್ಯ ಮಾರ್ಕ್ ಸಿಕ್ಸ್‌ಗಿಂತ ಬಹಳ ಅಗ್ಗಕ್ಕೆ ಸಿಗುತ್ತದೆ. ಬುಫೆಯವರ ‘ಸೂಪರ್ ಡೈನ್ಯಾಕ್ಷನ್’, ದೋಲ್ನೆಯ ‘ಬೆಲ್ ಏರ್’, ಕ್ವೆನೋಂನ ‘ಮೊನೊಪೋಲ್’ ಇವೂ ಇದೇ ಸಾಲಿನವು.

‘ಎವೆಟ್ ಅಂಡ್ ಶೆಫರ್’ ಎಂದಿದ್ದರೆ ಅದು ಬುಫೆ ಮನೆಯ ಹಳೆಯ ಉತ್ತಮ ದರ್ಜೆಯ ವಾದ್ಯ. ಬರೀ ‘ಎವೆಟ್’ ಎಂದಿದ್ದರೆ ಮುಂದಿನ ಕಾಲದ ವಿದ್ಯಾರ್ಥಿ ದರ್ಜೆಯದು.

‘ವಿಟೊ’ ಇನ್ನೂ ತಮಾಷೆ. ಅಮೆರಿಕದ ಲೆಬ್ಲಾಂಕ್ ಕಂಪನಿಯ ವಿಟೊ ಪಸ್ಕುಚಿ ಅವರ ಹೆಸರಿನ ಈ ಗುರುತಿನಡಿ ಫ್ರಾನ್ಸಿನ ಬೋನ್ಯೇ ತಯಾರಿಸಿದ ಒಳ್ಳೆಯ ವಾದ್ಯಗಳೂ ಮಾರಾಟವಾದವು, ಮುಂದೆ ಜಪಾನಿನಲ್ಲಿ ತಯಾರಾದವೂ ಬಂದವು. ‘ಫ್ರಾನ್ಸ್’ ಎಂಬ ಮುದ್ರೆ ಹುಡುಕದೆ ದುಡ್ಡು ಬಿಚ್ಚಬೇಡಿ.

ತೀರ ಹಳೆಯ ವಾದ್ಯದಲ್ಲಿ ಹೆಬ್ಬೆರಳಿಗೆ ಒಂದರ ಬದಲು ಎರಡು ಆಕ್ಟೇವ್ ಕೀ ಕಂಡರೆ ಅದು ಸಂಗ್ರಹಕ್ಕೆ ಚೆನ್ನ, ಕಛೇರಿಗಲ್ಲ. ಶ್ರುತಿಯ ತೊಡಕೂ ಉಂಟು. 1859ರಲ್ಲಿ ಫ್ರಾನ್ಸ್ ಸರ್ಕಾರ ‘ಎ’ ಸ್ವರವನ್ನು ಸೆಕೆಂಡಿಗೆ 435 ಕಂಪನಕ್ಕೆ ನಿಗದಿ ಮಾಡಿತ್ತು, ಇಂದಿನ ರೂಢಿ 440.

ಕರ್ನಾಟಕ ಸಂಗೀತದ ಗಮಕಕ್ಕೆ ಈ ವಾದ್ಯವನ್ನು ಒಗ್ಗಿಸಿದವರು ನಮ್ಮ ಕದ್ರಿ ಗೋಪಾಲನಾಥ್. ಮೈಸೂರು ಅರಮನೆ ಬ್ಯಾಂಡಿನಲ್ಲಿ ಅದರ ನಾದ ಕೇಳಿ ಮರುಳಾದವರು, ಅದಕ್ಕಾಗಿ ವಾದ್ಯದಲ್ಲೇ ಮಾರ್ಪಾಡು ಮಾಡಿಕೊಂಡರು. ಹಳೆಯ ವಾದ್ಯದ ಒಂದು ಸ್ಕ್ರೂ ಬದಲಾದರೂ ಸಂಗ್ರಾಹಕ ಮುಖ ಸಿಂಡರಿಸುತ್ತಾನೆ. ವಿದ್ವಾಂಸನ ಲೆಕ್ಕ ಬೇರೆ, ಅದೇ ಸರಿಯಾದ ಲೆಕ್ಕ.

ಗಾಳಿ ಸೋರುತ್ತಿದೆಯೇ ಎಂದು ನೋಡಲು ಕತ್ತಲ ಕೋಣೆಯಲ್ಲಿ ಕೊಳವೆಯೊಳಗೆ ಪುಟ್ಟ ದೀಪ ಇಳಿಸುತ್ತಾರೆ. ಕೀ ಒತ್ತಿದಾಗ ಪ್ಯಾಡಿನ ಸುತ್ತ ಬೆಳಕಿನ ಎಳೆ ಕಾಣಬಾರದು. ದೀಪವಿಲ್ಲದಿದ್ದರೆ ಸಿಗರೇಟು ಸುತ್ತುವ ತೆಳುಕಾಗದದ ಪಟ್ಟಿ ಸಾಕು. ಪ್ಯಾಡಿನಡಿ ಇಟ್ಟು ಎಳೆದಾಗ ಸುತ್ತಲೂ ಒಂದೇ ಬಿಗಿ ಸಿಗಬೇಕು. ಅತಿ ಕೆಳಗಿನ ಬಿ ಫ್ಲ್ಯಾಟ್ ಸ್ವರ ಮೆಲ್ಲಗೆ ಊದಿದರೂ ನಡುಗದೆ ಬಂದರೆ ಸೋರಿಕೆ ಇಲ್ಲವೆಂದೇ ತಿಳಿಯಿರಿ. ಪ್ಯಾಡುಗಳನ್ನು ಪೂರ್ತಿ ಬದಲಿಸುವುದು ದುಬಾರಿ ಕೆಲಸ, ಆ ಖರ್ಚನ್ನು ಕೇಳಿದ ದರಕ್ಕೆ ಸೇರಿಸಿಯೇ ಲೆಕ್ಕ ಹಾಕಿ.

ಹಳೆಯ ಸೆಲ್ಮರ್ ‘ಸೋಲೋಯಿಸ್ಟ್’ ಮೌತ್‌ಪೀಸಿಗೆ ತನ್ನದೇ ಮಾರುಕಟ್ಟೆಯಿದೆ. ಮಾರುವವರು ಅದನ್ನು ಗಮನಿಸದೆ ವಾದ್ಯದ ಜೊತೆಗೇ ಕೊಟ್ಟುಬಿಡುವುದುಂಟು. ದರದ ಮಾತೆತ್ತುವ ಮೊದಲು ಪೆಟ್ಟಿಗೆಯ ಖಾನೆಗಳನ್ನೆಲ್ಲ ತೆರೆದು ನೋಡಿ.