ಹಗ್ಗ ಕೊಟ್ಟ ಮೇಲೆ ಎತ್ತು ಯಾರದು?

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳಿಂದ ಬರುವ ಕನ್ನಡ ಮಾಧ್ಯಮದ ವಿದ್ಯಾರ್ಥಿಗಳಿಗೆ ನಾನು ಬಹುಕಾಲ ಕಲಿಸಿದ್ದು ‘ಸಿ’ ಭಾಷೆಯನ್ನು. 1970ರ ದಶಕದ ಆರಂಭದಲ್ಲಿ ಹುಟ್ಟಿದ ಈ ಭಾಷೆ ಪ್ರೋಗ್ರಾಂ ಬರೆಯುವವನನ್ನು ಕಣ್ಣುಮುಚ್ಚಿ ನಂಬುತ್ತದೆ. ಹತ್ತು ಸಂಖ್ಯೆಗಳಿಗೆ ಜಾಗ ಪಡೆದು ಹನ್ನೊಂದನೆಯದನ್ನು ತುರುಕಿದರೂ ತಡೆಯದು. ಬಿಟ್ಟುಕೊಟ್ಟ ಮೆಮೊರಿಯನ್ನು ಮತ್ತೆ ಮುಟ್ಟಿದರೂ ಕೇಳದು. ಕನ್ನಗಳ್ಳರು ಎಷ್ಟೋ ಸಲ ನುಗ್ಗುವುದು ಇಂಥ ಕಿಂಡಿಗಳಿಂದಲೇ. ಜಾವಾ, ಪೈಥಾನ್‌ಗಳು ಈ ಹೊರೆಯನ್ನು ತಾವೇ ಹೊತ್ತವು; ಪ್ರೋಗ್ರಾಂ ಓಡುತ್ತಿರುವಾಗಲೇ ಕಸ ಗುಡಿಸಬೇಕಾದ್ದರಿಂದ ವೇಗಕ್ಕೆ ತುಸು ಎರವಾದವು.

2015ರಲ್ಲಿ ಮೊದಲ ಸ್ಥಿರ ಆವೃತ್ತಿ ಕಂಡ ‘ರಸ್ಟ್’ ಹಿಡಿದದ್ದು ಬೇರೆ ದಾರಿ. ಇಲ್ಲಿ ಪ್ರತಿಯೊಂದು ದತ್ತಾಂಶಕ್ಕೂ ಒಬ್ಬನೇ ಒಡೆಯ. ಸಂತೆಯಲ್ಲಿ ಎತ್ತಿನ ಹಗ್ಗ ಕೈಬದಲಾಯಿತೆಂದರೆ ಮಾರಿದವನು ಅದನ್ನು ಮತ್ತೆ ನೊಗಕ್ಕೆ ಹೂಡುವಂತಿಲ್ಲ ಎಂದೊಡನೆ ನನ್ನ ಹುಡುಗರಿಗೆ ಅರ್ಥವಾಯಿತು. ಪಠ್ಯಪುಸ್ತಕದಿಂದ ಆಗದ ಕೆಲಸವದು. ಎರವಲು ಕೊಡಬಹುದು: ನೋಡಲು ಹಲವರಿಗೆ, ತಿದ್ದಲು ಒಂದು ಸಲಕ್ಕೆ ಒಬ್ಬರಿಗೆ. ನಿಯಮ ಮೀರಿದರೆ, ಓಡುವ ಮೊದಲೇ ಕಂಪೈಲರ್ ಪ್ರೋಗ್ರಾಮನ್ನು ತಿರಸ್ಕರಿಸುತ್ತದೆ. ‘ಸಿ’ಯ ಭದ್ರಕೋಟೆಯಾದ ಲಿನಕ್ಸ್ ಕರ್ನೆಲ್ಲೇ 2022ರಲ್ಲಿ ಇದಕ್ಕೆ ಬಾಗಿಲು ತೆರೆಯಿತು.

ನನ್ನದೊಂದು ತಕರಾರಿದೆ. 2021ರಿಂದ ರಸ್ಟ್‌ನಲ್ಲಿ ಚರಕ್ಕೆ ‘ಎತ್ತು’ ಎಂದೇ ಹೆಸರಿಡಬಹುದು. ಕಂಪೈಲರ್ ಗದರುವುದು ಮಾತ್ರ ಇಂಗ್ಲಿಷಿನಲ್ಲೇ. ‘ಬಾರೋ ಆಫ್ ಮೂವ್ಡ್ ವ್ಯಾಲ್ಯೂ’ ಎಂಬ ಸಾಲಿನೆದುರು ಹರಪನಹಳ್ಳಿಯ ಹುಡುಗಿಯೊಬ್ಬಳು ಅರ್ಧ ತಾಸು ಕುಳಿತಿದ್ದಳು. ಎತ್ತು ಯಾರದೆಂಬುದು ಅವಳಿಗೆ ಗೊತ್ತಿತ್ತು. ‘ಮೂವ್ಡ್’ ಎಂದರೆ ಅದೇ ಎತ್ತಿನ ಮಾತು ಎಂಬುದು ಗೊತ್ತಿರಲಿಲ್ಲ. ಅಂಥ ಸಂದೇಶಗಳನ್ನು ನಾವೀಗ ನೋಟ್‌ಬುಕ್ಕಿನಲ್ಲಿ ಒಂದೊಂದಾಗಿ ಕನ್ನಡಕ್ಕೆ ಬರೆದುಕೊಳ್ಳುತ್ತಿದ್ದೇವೆ.