ಕಾರು ಶೆಡ್ಡಿನ ಪಾಯಕ್ಕೆ ಮೊದಲು ಮಣ್ಣಿನ ತಪಾಸಣೆ

ಮನೆಗೆ ಅಂಟದಂತೆ ಹಿತ್ತಲಿನ ಮೂಲೆಯಲ್ಲೋ ಅಂಗಳದ ಬದಿಯಲ್ಲೋ ಕಟ್ಟುವ ಕಾರು ಶೆಡ್ಡು ನೆಲದ ಮೇಲೆ ಹೇರುವ ಭಾರ ತೀರ ಕಡಿಮೆ. ಒಂಬತ್ತು ಇಂಚು ದಪ್ಪ, ಮೂರು ಮೀಟರ್ ಎತ್ತರದ ಇಟ್ಟಿಗೆ ಗೋಡೆ ಪ್ರತಿ ಮೀಟರ್ ಉದ್ದಕ್ಕೆ ಸುಮಾರು 1.3 ಟನ್ ತೂಗುತ್ತದೆ. ತಗಡಿನ ಚಾವಣಿ, ಪಾಯದ ಕಲ್ಲು ಎಲ್ಲ ಸೇರಿದರೂ ಎರಡಡಿ ಅಗಲದ ಪಾಯದ ಅಡಿಯಲ್ಲಿ ಚದರ ಮೀಟರಿಗೆ ನಾಲ್ಕೈದು ಟನ್ನಿನ ಆಸುಪಾಸು. ಕಾರಿನ ಒಂದೆರಡು ಟನ್ ತೂಕ ಬೀಳುವುದು ನೆಲಹಾಸಿನ ಮೇಲೆ, ಗೋಡೆಯ ಪಾಯದ ಮೇಲಲ್ಲ. ಗಟ್ಟಿ ಕೆಮ್ಮಣ್ಣು ಇದರ ಹಲವು ಪಟ್ಟು ಭಾರವನ್ನು ಸಲೀಸಾಗಿ ತಾಳುತ್ತದೆ. ‘ಶೆಡ್ಡಿಗೆಂಥ ಮಣ್ಣು ಪರೀಕ್ಷೆ’ ಎಂಬ ಮಾತು ಹುಟ್ಟಿರುವುದು ಇದೇ ಲೆಕ್ಕದಿಂದ.

ಧಾರವಾಡ, ಗದಗ, ಬಾಗಲಕೋಟೆ, ವಿಜಯಪುರ, ಕಲಬುರಗಿ ಕಡೆಯ ಎರೆ ಭೂಮಿಯಲ್ಲಿ ಈ ಲೆಕ್ಕ ತಲೆಕೆಳಗಾಗುತ್ತದೆ. ಅಲ್ಲಿ ಕೇಳಬೇಕಾದದ್ದು ನೆಲ ಕುಸಿಯುತ್ತದೆಯೇ ಎಂದಲ್ಲ, ಏಳುತ್ತದೆಯೇ ಎಂದು. ಎರೆಮಣ್ಣಿನಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜ ಪದರ ಪದರವಾಗಿದ್ದು, ಪದರಗಳ ನಡುವೆ ನೀರು ನುಗ್ಗಿದಾಗ ಉಬ್ಬುತ್ತದೆ, ಆರಿದಾಗ ಕುಗ್ಗುತ್ತದೆ. ಬೇಸಿಗೆಯಲ್ಲಿ ಹೊಲ ಬಾಯಿಬಿಟ್ಟು ನಿಲ್ಲುವುದು, ಮುಂಗಾರಿನಲ್ಲಿ ಅದೇ ಬಿರುಕು ಗುರುತಿಲ್ಲದಂತೆ ಕೂಡಿಕೊಳ್ಳುವುದು ಇದರಿಂದಲೇ. ಉಬ್ಬುವಾಗ ಈ ಮಣ್ಣು ಮೇಲಕ್ಕೊತ್ತುವ ಬಲ ಕೆಲವೆಡೆ ಚದರ ಮೀಟರಿಗೆ ಹತ್ತು ಟನ್ನನ್ನೂ ಮೀರುತ್ತದೆ. ಎರಡಂತಸ್ತಿನ ಮನೆ ತನ್ನ ತೂಕದಿಂದಲೇ ಅದನ್ನು ಒಂದಿಷ್ಟು ಅದುಮಿ ಹಿಡಿಯಬಲ್ಲದು. ನಾಲ್ಕೈದು ಟನ್ನಿನ ಶೆಡ್ಡಿನ ಗೋಡೆಗೆ ಆ ಶಕ್ತಿ ಇಲ್ಲ. ಹಗುರಾಗಿರುವುದೇ ಇಲ್ಲಿ ಅದರ ದೋಷ. ಮೂಲೆಯಿಂದ ಮೆಟ್ಟಿಲು ಮೆಟ್ಟಿಲಾಗಿ ಏರುವ ಬಿರುಕು, ಮಳೆಗಾಲದಲ್ಲಿ ಸಿಕ್ಕಿಹಾಕಿಕೊಂಡು ಬೇಸಿಗೆಯಲ್ಲಿ ಸಡಿಲಾಗುವ ಶಟರ್ ಇದರ ಗುರುತು.

ತಪಾಸಣೆ ಕಣ್ಣಿನಿಂದ ಶುರುವಾಗುತ್ತದೆ. ಅಕ್ಕಪಕ್ಕದ ಕಾಂಪೌಂಡ್ ಗೋಡೆಗಳೂ ಶೆಡ್ಡಿನಷ್ಟೇ ಹಗುರವಾದ್ದರಿಂದ ಅವುಗಳಲ್ಲಿನ ಬಿರುಕು ಪುಕ್ಕಟೆ ಸಿಗುವ ವರದಿಯಿದ್ದಂತೆ. ಜಾಗ ಹಿಂದೆ ಏನಾಗಿತ್ತು ಎಂಬುದನ್ನೂ ವಿಚಾರಿಸಬೇಕು. ಕೆರೆಯಂಗಳ, ಹಳೆಯ ಬಾವಿ, ಇಟ್ಟಿಗೆಗೂಡಿನ ಗುಂಡಿ, ಕಟ್ಟಡದ ಕಸ ಸುರಿದು ಮಟ್ಟಮಾಡಿದ ತಗ್ಗು, ಇವೆಲ್ಲ ಮೇಲ್ನೋಟಕ್ಕೆ ಒಳ್ಳೆಯ ನೆಲದಂತೆಯೇ ಕಾಣುತ್ತವೆ. ಶೆಡ್ಡಿಗೆ ವಿಶೇಷವಾದ ಅಪಾಯ ಇನ್ನೊಂದಿದೆ: ಮನೆಯ ಪಾಯಕ್ಕೆಂದು ತೋಡಿದ ಮಣ್ಣನ್ನು ದಮ್ಮಸು ಮಾಡದೆ ಹಿಂದಕ್ಕೆ ತುಂಬಿರುವ ಜಾಗ. ಶೆಡ್ಡಿನ ಒಂದು ಗೋಡೆ ಅದರ ಮೇಲೆ, ಉಳಿದ ಮೂರು ಗಟ್ಟಿ ನೆಲದ ಮೇಲೆ ಬಂದರೆ ಆ ಒಂದು ಗೋಡೆ ಮಾತ್ರ ಕೂರುತ್ತದೆ. ಮಲೆನಾಡಿನಲ್ಲಿ ಗುಡ್ಡದ ಇಳಿಜಾರನ್ನು ಕಡಿದು, ಕಡಿದ ಮಣ್ಣನ್ನೇ ಮುಂದಕ್ಕೆ ತಳ್ಳಿ ಮಾಡಿದ ಸಮತಟ್ಟಿನಲ್ಲೂ ಇದೇ ಕಥೆ.

ಮುಂದಿನದು ಗುಂಡಿ. ಶೆಡ್ಡಿನ ಎದುರುಬದುರು ಮೂಲೆಗಳಲ್ಲಿ ಎರಡು ಗುಂಡಿ, ಐದಡಿ ಆಳ, ಒಬ್ಬರು ಇಳಿದು ನೋಡುವಷ್ಟು ಅಗಲ. ಅದಕ್ಕಿಂತ ಆಳಕ್ಕೆ ಆಸರೆ ಕೊಡದೆ ಇಳಿಯಬಾರದು. ಎರೆಮಣ್ಣಿನ ಬದಿ ಸೂಚನೆ ಕೊಡದೆ ಕುಸಿಯುತ್ತದೆ. ಗುಂಡಿಯ ಗೋಡೆಯಲ್ಲಿ ಪದರಗಳು ಓದಲು ಬರುವಂತೆ ಕಾಣುತ್ತವೆ: ಎಷ್ಟು ಆಳದವರೆಗೆ ಎರೆ, ಎಲ್ಲಿಂದ ಗರಸು, ಎಲ್ಲಿ ನೀರು ಜಿನುಗುತ್ತದೆ, ಎಲ್ಲಿ ಇಟ್ಟಿಗೆಚೂರು, ಪ್ಲಾಸ್ಟಿಕ್ ಸಿಕ್ಕಿತು. ಪ್ಲಾಸ್ಟಿಕ್ ಸಿಕ್ಕರೆ ಅದು ತುಂಬಿದ ಮಣ್ಣು, ಸಂಶಯವೇ ಬೇಡ.

ತಳದ ಮಣ್ಣಿನ ಬಲ ಅಳೆಯಲು ಹೆಬ್ಬೆರಳೂ ಒಂದು ಸಾಧನ. ಇದು ಬರೀ ಮೇಸ್ತ್ರಿಗಳ ರೂಢಿಯಲ್ಲ. ಪಾಯಗಳ ಬಗೆಗಿನ ಭಾರತೀಯ ಮಾನದಂಡ ಐಎಸ್ 1904 ಕೂಡ ಜೇಡಿಯನ್ನು ಹೆಬ್ಬೆರಳಿನ ಒತ್ತಡದಿಂದ ವಿಂಗಡಿಸಿತ್ತು. ಉಗುರಿಗಷ್ಟೇ ಗೀರು ಬೀಳುವ ಜೇಡಿ ಗಟ್ಟಿ, ಬೆರಳು ಸುಲಭವಾಗಿ ಒಳಹೋಗುವುದು ತೀರ ಮೆದು. ಎರೆಮಣ್ಣಿಗೆ ಮಾತ್ರ ಅದು ಸಿದ್ಧ ಅಂಕಿ ಕೊಡದೆ, ಪರೀಕ್ಷಿಸಿಯೇ ನಿರ್ಧರಿಸಬೇಕು ಎಂದಿತು. ಅದಕ್ಕೆ ಕಾರಣವಿದೆ: ಒಣಗಿದ ಎರೆಹೆಂಟೆ ಕಲ್ಲಿನಂತಿರುತ್ತದೆ, ಬೆರಳನ್ನು ಪೂರ್ತಿ ಮೋಸಗೊಳಿಸುತ್ತದೆ.

ಉಬ್ಬುವ ಗುಣವನ್ನು ಹಿಡಿಯುವ ಪರೀಕ್ಷೆ ಅಗ್ಗದ್ದು, ಬುದ್ಧಿವಂತಿಕೆಯದ್ದು. 100 ಮಿಲಿಲೀಟರಿನ ಎರಡು ಗಾಜಿನ ಅಳತೆಕೊಳವೆಗಳಲ್ಲಿ ಒಣಗಿಸಿ ಜರಡಿ ಹಿಡಿದ ಮಣ್ಣನ್ನು ತಲಾ 10 ಗ್ರಾಂ ಹಾಕಿ, ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ ತುಂಬಿ, ಕನಿಷ್ಠ ಒಂದು ದಿನ ಬಿಡುತ್ತಾರೆ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ. ನೀರಿನಲ್ಲಿ ಎಷ್ಟು ಹೆಚ್ಚು ಜಾಗ ಹಿಡಿಯಿತೋ ಅದೇ ಉಬ್ಬರದ ಪ್ರಮಾಣ. ಸೀಮೆಎಣ್ಣೆಯಲ್ಲಿ 10 ಮಿಲಿಲೀಟರ್, ನೀರಿನಲ್ಲಿ 18 ಇದ್ದರೆ ಶೇ. 80. ಶೇ. 50ರ ಒಳಗಿದ್ದರೆ ಚಿಂತೆಯಿಲ್ಲ, 100 ದಾಟಿದರೆ ಸಾಮಾನ್ಯ ಕಲ್ಲಿನ ಪಾಯದ ಆಸೆ ಬಿಡಬೇಕು. ಸಿವಿಲ್ ವಿಭಾಗವಿರುವ ಎಂಜಿನಿಯರಿಂಗ್ ಕಾಲೇಜುಗಳ ಪ್ರಯೋಗಾಲಯದಲ್ಲಿ ಇದು ಮಾಮೂಲಿ ಪರೀಕ್ಷೆ. 63.5 ಕಿಲೋ ಸುತ್ತಿಗೆಯನ್ನು 75 ಸೆಂಟಿಮೀಟರ್ ಎತ್ತರದಿಂದ ಬಿಟ್ಟು ಹೊಡೆತ ಎಣಿಸುವ ಎಸ್‌ಪಿಟಿ ಬೋರಿಂಗ್ ದೊಡ್ಡ ಕಟ್ಟಡಗಳಿಗೆ ಬೇಕೇ ಬೇಕು. ಒಂದು ಕಾರಿನ ಶೆಡ್ಡಿಗೆ ಸಾಮಾನ್ಯವಾಗಿ ಅದು ದಂಡದ ಖರ್ಚು.

ಕರಾವಳಿಯ ಎಚ್ಚರಿಕೆ ಬೇರೆ. ಅಲ್ಲಿ ಮೇಲ್ಪದರದ ಮುರಕಲ್ಲು ಗಟ್ಟಿ, ಅದರಡಿಯ ಶೇಡಿ ಮಣ್ಣು ಒಣಗಿದ್ದಾಗ ಬಿಗಿ, ನೀರು ಕುಡಿದರೆ ಕುಸಿಯುವಂಥದ್ದು. ಹೆಚ್ಚು ಅಗೆದಷ್ಟೂ ಒಳ್ಳೆಯದು ಎಂಬ ನಂಬಿಕೆಯಿಂದ ಮುರಕಲ್ಲನ್ನು ಸೀಳಿ ಶೇಡಿಗೆ ಇಳಿಯುವುದು ಹಗುರ ಕಟ್ಟಡದ ಮಟ್ಟಿಗೆ ತಪ್ಪು.

ಎರೆಯ ಪದರ ಮೂರು ನಾಲ್ಕು ಅಡಿಗೆ ಮುಗಿದರೆ ಪಾಯವನ್ನು ಗರಸಿಗೇ ಇಳಿಸುವುದು ನೇರ ದಾರಿ. ಅದು ಆಳವಾಗಿದ್ದರೆ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಬಳಕೆಗೆ ತಂದ ಅಂಡರ್‌ರೀಮ್ಡ್ ಪೈಲ್ ಇದೆ. ಬುಡದಲ್ಲಿ ಗೆಡ್ಡೆಯಂತೆ ಉಬ್ಬಿದ ಈ ಕಾಂಕ್ರೀಟ್ ಕಂಬಗಳು ಋತುಮಾನಕ್ಕೆ ಕದಲದ ಮಣ್ಣಿನವರೆಗೆ, ಸಾಮಾನ್ಯವಾಗಿ 3.5 ಮೀಟರ್, ಇಳಿಯುತ್ತವೆ. ಅವುಗಳ ತಲೆ ಕಟ್ಟುವ ಬೀಮಿನಡಿ 8 ಸೆಂಟಿಮೀಟರ್ ಖಾಲಿ ಬಿಟ್ಟರೆ ಮಣ್ಣು ಉಬ್ಬಲು ಜಾಗವಿರುತ್ತದೆ. ಐಐಟಿ ಬಾಂಬೆಯ ಪ್ರಾಧ್ಯಾಪಕರಾಗಿದ್ದ ಆರ್. ಕೆ. ಕಟ್ಟಿ ತೋರಿಸಿದ ಇನ್ನೊಂದು ಉಪಾಯದಲ್ಲಿ ಎರೆಯ ಮೇಲೆ ಉಬ್ಬದ, ಆದರೆ ಅಂಟುಳ್ಳ ಗರಸುಮಣ್ಣನ್ನು ಪದರ ಪದರವಾಗಿ ದಮ್ಮಸು ಮಾಡುತ್ತಾರೆ. ಅದರ ಬದಲು ಮರಳು ತುಂಬಿದರೆ ಅದು ನೀರು ಹಿಡಿದಿಟ್ಟು ಎರೆಗೆ ಕುಡಿಸುವ ತೊಟ್ಟಿಯಾಗುತ್ತದೆ. ದಾರಿ ಯಾವುದೇ ಇರಲಿ, ಚಾವಣಿಯ ನೀರು ಗೋಡೆಯ ಬುಡದಲ್ಲಿ ಬೀಳಬಾರದು, ಇಂಗುಗುಂಡಿ ಹತ್ತಿರವಿರಬಾರದು, ಶೆಡ್ಡಿನ ನೆಲಹಾಸನ್ನು ಗೋಡೆಗೆ ಬೆಸೆಯಬಾರದು.

ಗುಂಡಿ ತೋಡಿಸಲು ಏಪ್ರಿಲ್, ಮೇ ಒಳ್ಳೆಯ ಕಾಲ. ಎರೆಯ ಬಿರುಕು ಎಷ್ಟು ಆಳಕ್ಕೆ ಇಳಿದಿದೆ ಎಂಬುದು ಆಗ ಗುಂಡಿಯ ಗೋಡೆಯಲ್ಲೇ ಕಾಣುತ್ತದೆ. ನಾಲ್ಕು ಒಳ್ಳೆಯ ಮಳೆ ಬಿದ್ದ ಮೇಲೆ ಅದು ಮುಚ್ಚಿಹೋಗಿರುತ್ತದೆ.