ಲೈಟ್ ಉರೀತದೆ, ಎಂಜಿನ್ ಮಾತ್ರ ತಿರುಗುವುದಿಲ್ಲ!



ಹದಿನೈದಿಪ್ಪತ್ತು ವರ್ಷ ಹಳೆಯ ಕಾರು ನಿಮ್ಮ ಮನೆಯಲ್ಲೋ ನೆರೆಮನೆಯಲ್ಲೋ ಇದ್ದರೆ ಈ ಸದ್ದು ನಿಮಗೆ ಗೊತ್ತಿರಬಹುದು. ಚಾವಿ ತಿರುಗಿಸಿದರೆ 'ಟಕ್' ಅಂತ ಒಂದು ಶಬ್ದ, ಆಮೇಲೆ ಮೌನ. ಇನ್ನೊಮ್ಮೆ ತಿರುಗಿಸಿದರೆ ಇನ್ನೊಂದು 'ಟಕ್'. ಅಷ್ಟರಲ್ಲಿ ನಾಲ್ಕು ಜನ ಸೇರಿ ನಾಲ್ಕು ಅಭಿಪ್ರಾಯ ಕೊಟ್ಟಾಗಿರುತ್ತದೆ. ಒಬ್ಬರು "ಬ್ಯಾಟರಿ ಡೌನ್" ಅಂತಾರೆ, ಇನ್ನೊಬ್ಬರು "ಸೆಲ್ಫ್ ಹೋಗಿದೆ" ಅಂತಾರೆ, ಮೂರನೆಯವರು ಏನೂ ಹೇಳದೆ ದೂಡಲಿಕ್ಕೆ ಹಿಂದೆ ಹೋಗಿ ನಿಂತಿರುತ್ತಾರೆ. ಯಾರ ಮಾತು ಸರಿ? ಇದನ್ನು ತೀರ್ಮಾನಿಸಲು ಓಮ್‌ನ ನಿಯಮ ಗೊತ್ತಿದ್ದರೆ ಬಹುಮಟ್ಟಿಗೆ ಸಾಕು. ವೋಲ್ಟೇಜ್ ಎಂದರೆ ಪ್ರವಾಹ ಗುಣಿಸು ರೋಧ, ಅಷ್ಟೇ.

ಮೊದಲು ಒಂದು ವ್ಯತ್ಯಾಸ ತಿಳಿದುಕೊಳ್ಳಿ. ಎಂಜಿನ್ 'ತಿರುಗುವುದು' ಬೇರೆ, 'ಸ್ಟಾರ್ಟ್ ಆಗುವುದು' ಬೇರೆ. 'ಕುರ್‌ರ್ ಕುರ್‌ರ್' ಅಂತ ಚೆನ್ನಾಗಿ ತಿರುಗಿಯೂ ಹೊತ್ತಿಕೊಳ್ಳದಿದ್ದರೆ ಪೆಟ್ರೋಲ್ ಬರ್ತಾ ಇಲ್ಲವೋ ಕಿಡಿ ಬರ್ತಾ ಇಲ್ಲವೋ ಎಂದು ಹುಡುಕಬೇಕು. ನಾವಿಲ್ಲಿ ಮಾತಾಡುತ್ತಿರುವುದು ತಿರುಗುವುದೇ ಇಲ್ಲದ ಎಂಜಿನ್ ಬಗ್ಗೆ. ಆಗ ಪೆಟ್ರೋಲ್, ಪ್ಲಗ್ ಎಂದು ತಡಕಾಡಿ ಪ್ರಯೋಜನ ಇಲ್ಲ.

ನಾಲ್ಕು ಹೊಡೆತದ ಎಂಜಿನ್ ತಾನಾಗಿ ಚಲನೆ ಶುರು ಮಾಡಲಾರದು. ಗಾಳಿ-ಪೆಟ್ರೋಲ್ ಎಳೆದುಕೊಂಡು, ಒತ್ತಿ, ಆಮೇಲೆ ತಾನೇ ಕಿಡಿ? ಆ ಮೊದಲ ಎಳೆತ-ಒತ್ತಡಕ್ಕೆ ಹೊರಗಿನಿಂದ ಯಾರಾದರೂ ತಿರುಗಿಸಿಕೊಡಬೇಕು. ಹಳೆಯ ಜೀಪು, ಅಂಬಾಸಿಡರ್‌ಗಳ ಮುಂಭಾಗಕ್ಕೆ ಕಬ್ಬಿಣದ ಹ್ಯಾಂಡಲ್ ಹಾಕಿ ತಿರುಗಿಸುತ್ತಿದ್ದುದನ್ನು ಅಜ್ಜಂದಿರ ಹತ್ತಿರ ಕೇಳಿ, ಹೇಳ್ತಾರೆ. ಆ ಹ್ಯಾಂಡಲ್ ಕೆಲವೊಮ್ಮೆ ಹಿಂದಕ್ಕೆ ಒದ್ದು ಕೈ ಮುರಿಯುತ್ತಿತ್ತು. 1912ರ ಕ್ಯಾಡಿಲಾಕ್ ಕಾರಿನಲ್ಲಿ ಚಾರ್ಲ್ಸ್ ಕೆಟರಿಂಗ್ ಎಂಬ ಅಮೆರಿಕನ್ ಎಂಜಿನಿಯರ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ ಬಂತು. ನಮ್ಮವರು 'ಸೆಲ್ಫ್' ಅನ್ನುವುದು ಇದನ್ನೇ. ಇಡೀ ದಿನ ಓಡಬೇಕಾದ ಮೋಟಾರ್ ಆದರೆ ದೊಡ್ಡದಾಗಿರಬೇಕು. ಕೆಲವೇ ಸೆಕೆಂಡು ದುಡಿಯುವ ಮೋಟಾರ್ ಚಿಕ್ಕದಾದರೂ ಅದರೊಳಗೆ ಭಾರೀ ಪ್ರವಾಹ ಹರಿಸಬಹುದು. ಅದಕ್ಕೇ ಚಾವಿಯನ್ನು ಒಂದೇ ಸಮನೆ ಹತ್ತು ಸೆಕೆಂಡಿಗಿಂತ ಹೆಚ್ಚು ಹಿಡಿಯಬೇಡಿ ಅನ್ನುವುದು.

ಆ 'ಭಾರೀ' ಎಂದರೆ ಎಷ್ಟು? ಎರಡು ಹೆಡ್‌ಲೈಟ್ ಸೇರಿ ಸುಮಾರು 10 ಆಂಪಿಯರ್ ಎಳೆಯುತ್ತವೆ. ಸಣ್ಣ ಪೆಟ್ರೋಲ್ ಕಾರಿನ ಸೆಲ್ಫ್ 100 ಆಂಪಿಯರ್ ಅಥವಾ ಅದಕ್ಕೂ ಹೆಚ್ಚು ಕೇಳುತ್ತದೆ. ಹತ್ತು ಪಟ್ಟು! ಕತೆಯೆಲ್ಲ ಇರುವುದು ಈ ಹತ್ತು ಪಟ್ಟಿನಲ್ಲೇ.

ಬ್ಯಾಟರಿಯ ದಾರಿಯಲ್ಲಿ ಎಲ್ಲೋ ಒಂದು ಜೋಡಣೆ ತುಕ್ಕು ಹಿಡಿದು 0.05 ಓಮ್ ರೋಧ ಹುಟ್ಟಿಕೊಂಡಿದೆ ಅಂತ ಇಟ್ಟುಕೊಳ್ಳಿ. ಇಷ್ಟು ಚಿಕ್ಕ ರೋಧವನ್ನು ನಮ್ಮ ಶಾಲೆಯ ಸಾಧಾರಣ ಮೀಟರ್ ಸರಿಯಾಗಿ ತೋರಿಸುವುದೂ ಇಲ್ಲ. 10 ಆಂಪಿಯರ್ ಹರಿದಾಗ ಅಲ್ಲಿ ಕಳೆದುಹೋಗುವುದು ಅರ್ಧ ವೋಲ್ಟ್. ಲೈಟಿಗೆ ಅದು ಗೊತ್ತೇ ಆಗುವುದಿಲ್ಲ. 100 ಆಂಪಿಯರ್ ಹರಿಯಬೇಕಾದರೆ? 5 ವೋಲ್ಟ್ ಅಲ್ಲೇ ಹೋಯಿತು. 12ರಲ್ಲಿ ಉಳಿದದ್ದು 7. ಏಳು ವೋಲ್ಟಿನಲ್ಲಿ ಸೆಲ್ಫ್ ಗೊಣಗುತ್ತದೆ, ತಿರುಗಲಾರದು. ("ಸಾರ್, ರೋಧ ಹೆಚ್ಚಾದಾಗ ಪ್ರವಾಹವೇ ಕಡಿಮೆ ಆಗುವುದಿಲ್ವಾ?" ಎಂದು ನಿಮ್ಮಲ್ಲಿ ಯಾರಾದರೂ ಕೇಳಿದರೆ ಶಾಭಾಸ್! ಆಗ್ತದೆ. ಇಲ್ಲಿ ಕೊಟ್ಟದ್ದು ಅಂದಾಜು ಲೆಕ್ಕ.) ಅಂದರೆ "ಲೈಟ್ ಉರೀತದಲ್ಲ, ಹಾಗಾದ್ರೆ ಕರೆಂಟಿಗೆ ತೊಂದರೆ ಇಲ್ಲ" ಎಂಬ ವಾದ ನಿಲ್ಲುವುದಿಲ್ಲ.

ಹಾಗಂತ ಲೈಟು ಕೆಲಸಕ್ಕೆ ಬಾರದ ಸಾಕ್ಷಿಯಲ್ಲ. ಹೆಡ್‌ಲೈಟ್ ಹಾಕಿ, ಒಬ್ಬರು ಎದುರಿನ ಗೋಡೆಯ ಬೆಳಕು ನೋಡುತ್ತಿರುವಾಗ ದೊಡ್ಡವರು ಚಾವಿ ತಿರುಗಿಸಲಿ. ಗೇರ್ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ, ಯಾರೂ ಕಾರಿನ ಎದುರು ನಿಲ್ಲಬೇಡಿ.

ಲೈಟ್ ಮೊದಲೇ ಮಂಕಾಗಿದ್ದರೆ ಬ್ಯಾಟರಿ ಖಾಲಿ, ಅಥವಾ ಅದರ ಟರ್ಮಿನಲ್ ಸಡಿಲ. ಚೆನ್ನಾಗಿ ಉರಿಯುತ್ತಿದ್ದದ್ದು ಚಾವಿ ತಿರುಗಿಸಿದ ಕೂಡಲೇ ನಂದಿದ ಹಾಗಾದರೆ, ಬ್ಯಾಟರಿಗೆ ಭಾರ ಹೊರುವ ಶಕ್ತಿ ಇಲ್ಲ, ಇಲ್ಲವೇ ಲೈಟಿಗೂ ಸೆಲ್ಫಿಗೂ ಸಮಾನವಾದ ಬ್ಯಾಟರಿ ಟರ್ಮಿನಲ್‌ನಲ್ಲೇ ರೋಧ ಕೂತಿದೆ. ಅಪರೂಪಕ್ಕೆ ಸೆಲ್ಫೋ ಎಂಜಿನ್ನೋ ಬಿಗಿದುಕೊಂಡಿದ್ದರೂ ಹೀಗಾಗಬಹುದು. ಲೈಟಿನಲ್ಲಿ ಬದಲಾವಣೆಯೇ ಇಲ್ಲ, ಸದ್ದೂ ಇಲ್ಲ ಎಂದಾದರೆ ಚಾವಿಯ ಸ್ವಿಚ್ಚಿನಿಂದ ಹೋಗುವ ಸಣ್ಣ ವೈರಿನ ದಾರಿ ಎಲ್ಲೋ ತುಂಡಾಗಿದೆ.

'ಟಕ ಟಕ ಟಕ ಟಕ' ಎಂದು ಬೇಗ ಬೇಗ ಬಡಿದುಕೊಂಡರೆ? ಇದು ನನಗೆ ಬಹಳ ಇಷ್ಟವಾದ ಲಕ್ಷಣ. ಸೆಲ್ಫಿನ ಬೆನ್ನ ಮೇಲೆ ಸೊಲೆನಾಯ್ಡ್ ಎಂಬ ವಿದ್ಯುತ್ಕಾಂತ ಇದೆ. ಅದು ಎಳೆದಾಗ ದೊಡ್ಡ ಸ್ವಿಚ್ ಮುಚ್ಚಿ ಮೋಟಾರಿಗೆ ಪ್ರವಾಹ ಹೋಗುತ್ತದೆ. ಬಲಹೀನ ಬ್ಯಾಟರಿ ಆ ಹೊರೆಗೆ ಕುಸಿಯುತ್ತದೆ, ವಿದ್ಯುತ್ಕಾಂತದ ಹಿಡಿತ ತಪ್ಪುತ್ತದೆ, ಸ್ವಿಚ್ ತೆರೆಯುತ್ತದೆ. ಹೊರೆ ಇಳಿಯಿತಲ್ಲ, ವೋಲ್ಟೇಜ್ ಮತ್ತೆ ಏರಿ ವಿದ್ಯುತ್ಕಾಂತ ಮತ್ತೆ ಎಳೆಯುತ್ತದೆ. ಶಾಲೆಯ ವಿದ್ಯುತ್ ಗಂಟೆ ಹೀಗೆಯೇ ತನ್ನ ಪ್ರವಾಹವನ್ನು ತಾನೇ ಕಡಿದು ಜೋಡಿಸುತ್ತಾ ಬಡಿದುಕೊಳ್ಳುವುದು!

ಉಳಿದದ್ದು ನಾವು ಆರಂಭದಲ್ಲಿ ಕೇಳಿದ ಒಂದೇ 'ಟಕ್'. ಲೈಟ್ ಹೆಚ್ಚೇನೂ ಮಂಕಾಗುವುದಿಲ್ಲ. ಇಲ್ಲಿಯೇ ಜನ ಸುಮ್ಮನೆ ಹಣ ಕಳೆದುಕೊಳ್ಳುವುದು. ಸೊಲೆನಾಯ್ಡಿನ ಒಳಗಿನ ತಾಮ್ರದ ತುಂಡು ಸುಟ್ಟಿರಬಹುದು, ಮೋಟಾರಿನ ಕಾರ್ಬನ್ ಬ್ರಶ್ ಸವೆದು ತಿರುಗುವ ಭಾಗಕ್ಕೆ ತಾಗದೆ ಇರಬಹುದು, ನಿಜ. ಆದರೆ ಇದೇ ಲಕ್ಷಣ ತೋರಿಸುವ ಇನ್ನೊಂದು ಕಾರಣ ಉಂಟು.

ಹೋದ ಮಳೆಗಾಲ ನಮ್ಮ ಕಾಸರಗೋಡಿನ ಕಡೆಯ ಒಂದು ಮನೆಯಲ್ಲಿ ಹಾಗೆಯೇ ಆಯಿತು. ಅಜ್ಜಿಯನ್ನು ಮಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಾದ ಬೆಳಿಗ್ಗೆ ಕಾರು 'ಟಕ್' ಅಂದು ಕೂತಿತು. ಬಾಡಿಗೆ ಕಾರು ಮಾಡಿ ಹೋದರು. ಸಂಜೆ ಒಬ್ಬರು, "ಲೈಟ್ ಬೆಳ್ಳಗೆ ಉರೀತದೆ ಮಾರಾಯ್ರೇ, ಬ್ಯಾಟರಿಗೆ ಎಂತ ಆಗ್ಲಿಲ್ಲ. ಸೆಲ್ಫೇ ಹೋದದ್ದು, ಹೊಸದು ಹಾಕಿ" ಅಂದರು. ಅದಕ್ಕೆ ಹಲವು ಸಾವಿರ ರೂಪಾಯಿ. ಅಜ್ಜಿಯ ಔಷಧಿಗೆ ಎಂದು ಇಟ್ಟ ಹಣದಿಂದಲೇ ತೆಗೆಯಬೇಕಿತ್ತು. ಮರುದಿನ ಪಕ್ಕದ ಮನೆಯ ವಯರಿಂಗ್ ಕೆಲಸದವರು ಬಂದು ಮಲ್ಟಿಮೀಟರನ್ನು 20 ವೋಲ್ಟ್ ಡಿ.ಸಿ.ಗೆ ಇಟ್ಟು, ಒಂದು ಕಡ್ಡಿಯನ್ನು ಬ್ಯಾಟರಿಯ ಋಣ ಧ್ರುವಕ್ಕೆ, ಇನ್ನೊಂದನ್ನು ಎಂಜಿನ್ನಿನ ಬರಿಯ ಲೋಹಕ್ಕೆ ಒತ್ತಿ ಹಿಡಿದು, "ಈಗ ಚಾವಿ ತಿರುಗಿಸಿ" ಎಂದರು. ಮೀಟರ್ 6 ವೋಲ್ಟ್ ತೋರಿಸಿತು.

ಗಮನಿಸಿ, ಅಲ್ಲಿ ಬರಬೇಕಾದದ್ದು ಹೆಚ್ಚುಕಡಿಮೆ ಸೊನ್ನೆ. ಎರಡೂ ಒಂದೇ ತಂತಿಯ ಎರಡು ತುದಿ ಇದ್ದ ಹಾಗೆ ತಾನೇ? ಅರ್ಧ ವೋಲ್ಟ್ ಬಂದರೂ ಸಂಶಯ ಪಡಬೇಕು. ಎಂಜಿನ್ ಕೂರುವುದು ರಬ್ಬರ್ ಗುದ್ದಿಗಳ ಮೇಲೆ. ರಬ್ಬರ್ ಅವಾಹಕ. ಆದ್ದರಿಂದ ಎಂಜಿನ್ನಿಗೂ ಕಾರಿನ ಬಾಡಿಗೂ ನಡುವೆ ಹೆಣೆದ ತಾಮ್ರದ ಒಂದು ಅರ್ತ್ ಪಟ್ಟಿ ಇರುತ್ತದೆ. ಲೈಟಿನ ಪ್ರವಾಹ ಬಾಡಿಯ ಮೂಲಕವೇ ಹಿಂದಿರುಗುವುದರಿಂದ ಅದಕ್ಕೆ ಈ ಪಟ್ಟಿಯ ಹಂಗಿಲ್ಲ. ಸೆಲ್ಫಿನ ಪ್ರವಾಹಕ್ಕೆ ಇದೇ ದಾರಿ. ಆ ಕಾರಿನಲ್ಲಿ ಪಟ್ಟಿ ಹಸಿರು ಹಿಡಿದು ನಾಲ್ಕೈದು ಎಳೆ ಮಾತ್ರ ಉಳಿದಿತ್ತು. ಹೊಸ ಪಟ್ಟಿ ಹಾಕಿ, ಬೋಲ್ಟ್ ಕೂರುವ ಜಾಗವನ್ನು ಮರಳುಕಾಗದದಿಂದ ಉಜ್ಜಿದ ಮೇಲೆ ಹಳೆಯ ಸೆಲ್ಫೇ ಎಂಜಿನ್ನನ್ನು ತಿರುಗಿಸಿತು. ಇಂಥ ಕಾರುಗಳಲ್ಲಿ ಒಂದು ತಮಾಷೆಯೂ ಆಗ್ತದೆ. ಪ್ರವಾಹ ಬೇರೆ ದಾರಿ ಕಾಣದೆ ಆಕ್ಸಿಲರೇಟರ್ ಅಥವಾ ಕ್ಲಚ್ಚಿನ ಉಕ್ಕಿನ ಕೇಬಲ್ ಮೂಲಕ ಹೋಗಿ ಅದು ಬಿಸಿಯಾಗಿಬಿಡುತ್ತದೆ.

ಬ್ಯಾಟರಿಯ ವಿಷಯದಲ್ಲೂ ಬರೀ ವೋಲ್ಟೇಜ್ ನಂಬುವಂತಿಲ್ಲ. ಪೂರ್ತಿ ಚಾರ್ಜ್ ಆದ ಬ್ಯಾಟರಿ 12.6 ವೋಲ್ಟ್ ತೋರಿಸುತ್ತದೆ, ಸರಿ. ಆದರೆ ಎಂಟು ಟಾರ್ಚ್ ಸೆಲ್ ಸಾಲಾಗಿ ಜೋಡಿಸಿದರೂ 12 ವೋಲ್ಟ್ ಬರ್ತದೆ! ಅದರಿಂದ ಕಾರು ತಿರುಗೀತೇ? ಸೆಲ್ಲುಗಳ ಒಳಗಿನ ರೋಧವೇ ಪ್ರವಾಹವನ್ನು ಕಟ್ಟಿಹಾಕುತ್ತದೆ. ಮುದಿ ಬ್ಯಾಟರಿಗೂ ಅದೇ ಕಾಯಿಲೆ, ಒಳಗಿನ ಸೀಸದ ತಟ್ಟೆಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗಿ ಕೂತಿರುತ್ತದೆ. ಆದ್ದರಿಂದ ಚಾವಿ ತಿರುಗಿಸುತ್ತಿರುವಾಗಲೇ ಅಳೆಯಬೇಕು. 9.6 ವೋಲ್ಟಿಗಿಂತ ಕೆಳಗೆ ಬಿದ್ದರೆ ಮೊದಲು ಚಾರ್ಜ್ ಮಾಡಿಸಿ ನೋಡಿ, ಮತ್ತೂ ಹಾಗೆಯೇ ಆದರೆ ಅದರ ಕಾಲ ಮುಗಿದಿದೆ.

ಟರ್ಮಿನಲ್ ಮೇಲಿನ ಬಿಳಿ-ನೀಲಿ ಪುಡಿಯನ್ನು ಅಡುಗೆ ಸೋಡಾ ಕಲಸಿದ ಬಿಸಿನೀರಿನಿಂದ ತೊಳೆಯಬಹುದು. ನೊರೆ ಬರುವುದು ಆಮ್ಲ-ಪ್ರತ್ಯಾಮ್ಲದ ಕ್ರಿಯೆಯಿಂದ, ಹೊರಬರುವ ಅನಿಲ ಯಾವುದೆಂದು ನಿಮಗೆ ಗೊತ್ತು. ಬ್ಯಾಟರಿಯ ಮುಚ್ಚಳಗಳು ಭದ್ರವಾಗಿರಲಿ, ಸೋಡಾ ಒಳಗೆ ಹೋಗಬಾರದು. ಆಮ್ಲ ಬಟ್ಟೆಯನ್ನೂ ಚರ್ಮವನ್ನೂ ಸುಡುತ್ತದೆ, ಕಣ್ಣಿಗೆ ಹಾರಿದರೆ ಅಪಾಯ. ಹಾಗಾಗಿ ದೊಡ್ಡವರು ಮಾಡಲಿ, ನೀವು ಪಕ್ಕದಲ್ಲಿ ನಿಂತು ನೋಡಿ. ಬ್ಯಾಟರಿಯಿಂದ ಹೈಡ್ರೋಜನ್ ಬರುವುದುಂಟು, ಹತ್ತಿರ ಬೀಡಿ ಬೆಂಕಿ ಬೇಡವೇ ಬೇಡ. ಬಿಚ್ಚುವಾಗ ಮೊದಲು ಋಣ, ಆಮೇಲೆ ಧನ. ಯಾಕೆ? ಧನದ ನಟ್ಟಿಗೆ ಹಾಕಿದ ಸ್ಪ್ಯಾನರ್ ಕೈತಪ್ಪಿ ಬಾಡಿಗೆ ತಾಗಿದರೆ ಏನಾದೀತು ಎಂದು ಮಂಡಲದ ಚಿತ್ರ ಬರೆದು ನೋಡಿ.

ಕಾರಿನ ಹತ್ತಿರ ಹೋಗದೆ ಇದನ್ನೆಲ್ಲ ಬೆಂಚಿನ ಮೇಲೆಯೂ ಮಾಡಬಹುದು. ಎರಡು ಟಾರ್ಚ್ ಸೆಲ್, ಆಟಿಕೆಯ ಒಂದು ಮೋಟಾರ್, 100 ಓಮ್ ರೋಧಕದ ಜೊತೆ ಒಂದು ಕೆಂಪು ಎಲ್‌ಇಡಿ, ಎರಡೂ ತುದಿ ಚೂಪು ಮಾಡಿದ ಒಂದು ಪೆನ್ಸಿಲ್. ಪೆನ್ಸಿಲಿನ ಕಡ್ಡಿಯೇ ನಮ್ಮ ತುಕ್ಕು ಹಿಡಿದ ಟರ್ಮಿನಲ್. ಅದರ ಮೂಲಕ ಎಲ್‌ಇಡಿ ಉರಿಸಿ, ಆಮೇಲೆ ಅದೇ ದಾರಿಯಲ್ಲಿ ಮೋಟಾರ್ ಜೋಡಿಸಿ. ಎರಡೂ ಸಲ ಪೆನ್ಸಿಲಿನ ಎರಡು ತುದಿಗಳ ನಡುವಿನ ವೋಲ್ಟೇಜ್ ಅಳೆದು ಬರೆದಿಡಿ. ಮೋಟಾರ್ ತಿರುಗದಿದ್ದರೆ ಪೆನ್ಸಿಲನ್ನು ಅರ್ಧಕ್ಕೆ ಕತ್ತರಿಸಿ ಮತ್ತೆ ನೋಡಿ.